ಕೈತಪ್ಪಿದ ವಸ್ತುವಿಗೆ ನೆರೆಹೊರೆಯ ಕಣ್ಣು: ಪತ್ತೆಬಿಲ್ಲೆಗಳ ದೈನಂದಿನ ಉಪಯೋಗ

ವ್ಯಾಪಾರದಲ್ಲಿ ನಷ್ಟವೆಂದರೆ ಲೆಕ್ಕದ ಪುಸ್ತಕಕ್ಕೆ ಏರುವ ನಷ್ಟವಷ್ಟೇ ಅಲ್ಲ. ಬೀಗದ ಕೈಗೊಂಚಲು ಸಿಗದೆ ಬೆಳಗಿನ ಹೊತ್ತು ಮಳಿಗೆಯ ಬಾಗಿಲು ತೆರೆಯದಿರುವುದು, ವಿವರಪಟ್ಟಿ ಸಲ್ಲಿಸುವ ಕೊನೆಯ ದಿನವೇ ಡಿಜಿಟಲ್ ಸಹಿಯ ಟೋಕನ್ ಕಾಣೆಯಾಗುವುದು, ಕೊರೆಯುವ ಯಂತ್ರದ ಪೆಟ್ಟಿಗೆಯನ್ನು ಯಾರು ಎಲ್ಲಿಗೆ ಒಯ್ದರೆಂದು ತಿಳಿಯದಿರುವುದು, ಇವುಗಳಿಗೆ ಯಾವ ಖಾತೆಯಲ್ಲೂ ಪ್ರತ್ಯೇಕ ಬಾಬ್ತು ಇರುವುದಿಲ್ಲ. ಆದರೂ ಸಣ್ಣ ಉದ್ದಿಮೆಯಲ್ಲಿ ದುಡಿಮೆಯ ಹೊತ್ತನ್ನು ಸದ್ದಿಲ್ಲದೆ ನುಂಗುವ ಬಾಬ್ತುಗಳಲ್ಲಿ ಇವೂ ಸೇರಿವೆ.

ಇಂತಹ ವಸ್ತುಗಳಿಗೆ ಕಟ್ಟುವ ಸಣ್ಣ ಪತ್ತೆಬಿಲ್ಲೆಗಳು, ಅಂದರೆ ಟ್ರ್ಯಾಕಿಂಗ್ ಟ್ಯಾಗ್‌ಗಳು, ಈಗ ಸಾಮಾನ್ಯ ಮೊಬೈಲ್ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಇವುಗಳ ಬಗ್ಗೆ ಎರಡು ಬಗೆಯ ತಪ್ಪು ಕಲ್ಪನೆಗಳಿವೆ. ಒಂದು, ಇದು ಕೇವಲ ಶ್ರೀಮಂತರ ಆಟಿಕೆ ಎಂಬುದು. ಇನ್ನೊಂದು, ಇದನ್ನು ಕಟ್ಟಿದ ಮೇಲೆ ವಸ್ತು ಎಲ್ಲಿದ್ದರೂ ಸಿಕ್ಕೇ ಸಿಗುತ್ತದೆ ಎಂಬುದು. ಎರಡೂ ಸರಿಯಲ್ಲ. ಬಿಲ್ಲೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿತರೆ ಅದು ಎಲ್ಲಿ ಪ್ರಯೋಜನಕಾರಿ, ಎಲ್ಲಿ ನಿರುಪಯುಕ್ತ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಯಾರದು ಎಂಬುದರಿಂದ ಎಲ್ಲಿದೆ ಎಂಬುದರವರೆಗೆ

ವಸ್ತುವಿಗೆ ಗುರುತು ಹಾಕುವುದು ನಮ್ಮಲ್ಲಿ ಹೊಸ ಸಂಗತಿಯೇನಲ್ಲ. ಪಾತ್ರೆ ಕೊಂಡಾಗ ಅಂಗಡಿಯಲ್ಲಿಯೇ ಅದರ ಮೇಲೆ ಮನೆಯವರ ಹೆಸರು ಕೆತ್ತಿಸುವ ರೂಢಿ ಹಳೆಯ ಬೆಂಗಳೂರಿನ ಮನೆಗಳಿಗೆಲ್ಲ ಪರಿಚಿತ. ಮದುವೆ, ಗೃಹಪ್ರವೇಶಗಳಿಗೆ ಪಾತ್ರೆ ಪಡಗಗಳನ್ನು ಬಾಡಿಗೆಗೆ ಕೊಡುವವರು ಬಣ್ಣದ ಗುರುತು ಹಾಕುತ್ತಾರೆ. ಅಗಸರು ಬಟ್ಟೆಯ ಅಂಚಿನಲ್ಲಿ ಮಾಸದ ಶಾಯಿಯ ಗುರುತು ಇಡುತ್ತಾರೆ. ಇವೆಲ್ಲವೂ ವಸ್ತು ಯಾರದು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತವೆ. ವಸ್ತು ಈಗ ಎಲ್ಲಿದೆ ಎಂಬ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರಿಸುವ ಸಾಧನಗಳು ಹಲವು. ಅವುಗಳ ವ್ಯತ್ಯಾಸವನ್ನು ವರ್ತಕರು ಮೊದಲು ತಿಳಿಯುವುದು ಒಳ್ಳೆಯದು.

ಮೊದಲನೆಯದು ಆರ್‌ಎಫ್‌ಐಡಿ ಪಟ್ಟಿ. ವಾಹನಗಳ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಈ ಬಗೆಯದು. ಇದರಲ್ಲಿ ಬ್ಯಾಟರಿ ಇಲ್ಲ. ಟೋಲ್ ಕಟ್ಟೆಯ ಓದುಯಂತ್ರದ ಎದುರು ಬಂದಾಗ ಮಾತ್ರ ಇದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಓದುಯಂತ್ರವಿಲ್ಲದ ಕಡೆ ಇದು ಮೂಕ. ಎರಡನೆಯದು ಲಾರಿ, ಬಸ್ಸುಗಳಿಗೆ ಅಳವಡಿಸುವ ಜಿಪಿಎಸ್ ಸಾಧನ. ಇದು ಉಪಗ್ರಹಗಳ ಸಂಕೇತದಿಂದ ತನ್ನ ನೆಲೆಯನ್ನು ತಾನೇ ಲೆಕ್ಕಹಾಕಿ, ಒಳಗಿನ ಸಿಮ್ ಕಾರ್ಡಿನ ಮೂಲಕ ಕಳುಹಿಸುತ್ತದೆ. ಚಲಿಸುವ ವಾಹನಕ್ಕೆ ಇದೇ ಸೂಕ್ತ. ಆದರೆ ಇದಕ್ಕೆ ಸಿಮ್ಮಿನ ಶುಲ್ಕವಿದೆ, ವಾಹನದ ವಿದ್ಯುತ್ತು ಅಥವಾ ಮೇಲಿಂದ ಮೇಲೆ ಚಾರ್ಜ್ ಮಾಡುವ ಬ್ಯಾಟರಿ ಬೇಕು.

ಮೂರನೆಯದೇ ಪ್ರಸ್ತುತ ಲೇಖನದ ವಿಷಯವಾದ ಬ್ಲೂಟೂತ್ ಬಿಲ್ಲೆ. ಅಲ್ಪ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಬ್ಲೂಟೂತ್ ತಂತ್ರ 2010ರಲ್ಲಿ ಬಂದ ಬಳಿಕ ಒಂದು ನಾಣ್ಯದಾಕಾರದ ಕೋಶದಿಂದ ತಿಂಗಳುಗಟ್ಟಲೆ ಸಂಕೇತ ಬಿತ್ತರಿಸುವುದು ಸಾಧ್ಯವಾಯಿತು. 2012ರಲ್ಲಿ ಸ್ಥಾಪನೆಯಾದ ಅಮೆರಿಕದ ಟೈಲ್ ಸಂಸ್ಥೆ ಇಂತಹ ಬಿಲ್ಲೆಗಳನ್ನು ಜನಪ್ರಿಯಗೊಳಿಸಿತು. 2021ರ ಏಪ್ರಿಲ್‌ನಲ್ಲಿ ಆಪಲ್ ಸಂಸ್ಥೆ ಏರ್‌ಟ್ಯಾಗ್ ಬಿಡುಗಡೆ ಮಾಡಿದಾಗ ಭಾರತದಲ್ಲಿ ಅದರ ಬೆಲೆ ರೂ. 3,190 ಇತ್ತು. 2024ರಲ್ಲಿ ಜಿಯೋ ಸಂಸ್ಥೆಯು ಆಪಲ್ ಜಾಲಕ್ಕೆ ಹೊಂದುವ ಜಿಯೋಟ್ಯಾಗ್ ಏರ್ ಹಾಗೂ ಆಂಡ್ರಾಯ್ಡ್ ಜಾಲಕ್ಕೆ ಹೊಂದುವ ಜಿಯೋಟ್ಯಾಗ್ ಗೋ ಬಿಲ್ಲೆಗಳನ್ನು ತಲಾ ರೂ. 1,499ಕ್ಕೆ ಮಾರುಕಟ್ಟೆಗೆ ತಂದಿತು. ಬೆಲೆ ಅರ್ಧಕ್ಕಿಳಿದುದರಿಂದ ಸಣ್ಣ ವರ್ತಕರೂ ಈ ಬಗ್ಗೆ ಯೋಚಿಸುವಂತಾಗಿದೆ.

ಬಿಲ್ಲೆಗೆ ಸ್ವಂತ ಕಣ್ಣಿಲ್ಲ

ಏರ್‌ಟ್ಯಾಗ್‌ನ ಮೊದಲ ಮಾದರಿ ಸುಮಾರು 32 ಮಿಲಿಮೀಟರ್ ಅಗಲ, 11 ಗ್ರಾಂ ತೂಕದ್ದು. ಇಷ್ಟು ಸಣ್ಣ ಬಿಲ್ಲೆಯೊಳಗೆ ಜಿಪಿಎಸ್ ಇಲ್ಲ, ಸಿಮ್ ಕಾರ್ಡೂ ಇಲ್ಲ. ತಾನು ಎಲ್ಲಿದ್ದೇನೆಂಬುದು ಬಿಲ್ಲೆಗೇ ಗೊತ್ತಿಲ್ಲ. ಅದು ಮಾಡುವ ಕೆಲಸ ಒಂದೇ: ಆಗಾಗ ಬದಲಾಗುವ ಒಂದು ಗುಪ್ತ ಸಂಖ್ಯೆಯನ್ನು ಸುತ್ತಲೂ ಬಿತ್ತರಿಸುತ್ತಿರುವುದು.

ಮಾಲೀಕನ ಫೋನು ಹತ್ತಿರವಿದ್ದರೆ ಆ ಸಂಕೇತವನ್ನು ಅದೇ ಗ್ರಹಿಸುತ್ತದೆ. ಆಗ ಬಿಲ್ಲೆಯಿಂದ ಸದ್ದು ಬರಿಸಬಹುದು. ಅಲ್ಟ್ರಾ ವೈಡ್‌ಬ್ಯಾಂಡ್ ತಂತ್ರವಿರುವ ಬಿಲ್ಲೆ ಹಾಗೂ ಫೋನುಗಳಲ್ಲಿ ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆಯೆಂಬುದೂ ತಿಳಿಯುತ್ತದೆ. ಮಾಲೀಕ ದೂರವಿದ್ದರೆ, ಬಿಲ್ಲೆಯ ಪಕ್ಕದಲ್ಲಿ ಹಾದುಹೋಗುವ ಅಪರಿಚಿತರ ಫೋನುಗಳು ಆ ಸಂಖ್ಯೆಯನ್ನು ಗ್ರಹಿಸಿ, ತಾವಿರುವ ಸ್ಥಳವನ್ನು ಅದಕ್ಕೆ ಜೋಡಿಸಿ, ಗೂಢಲಿಪಿಯಲ್ಲಿ ಅಂತರ್ಜಾಲದ ಮೂಲಕ ರವಾನಿಸುತ್ತವೆ. ಈ ಗೂಢಲಿಪಿಯನ್ನು ಬಿಡಿಸುವ ಕೀಲಿ ಇರುವುದು ಬಿಲ್ಲೆಯ ಮಾಲೀಕನ ಬಳಿ. ಫೋನಿನವರಿಗೆ ಇದೆಲ್ಲ ನಡೆದದ್ದೇ ತಿಳಿಯುವುದಿಲ್ಲ.

ಇದರ ಅರ್ಥ ಸರಳವಾದದ್ದು. ಬಿಲ್ಲೆಯ ಶಕ್ತಿ ಬಿಲ್ಲೆಯಲ್ಲಿಲ್ಲ, ಅದರ ಸುತ್ತ ಓಡಾಡುವ ಜನರಲ್ಲಿದೆ. ಸಂತೆಯಲ್ಲಿ ಕಳೆದುಹೋದ ಮಗುವಿನ ಗುರುತು ಹೇಳಿ ಹತ್ತು ಜನರನ್ನು ವಿಚಾರಿಸುವ ಹಳೆಯ ಕ್ರಮವನ್ನೇ ಇದು ಫೋನುಗಳ ಮೂಲಕ ಮಾಡುತ್ತದೆ. ಹತ್ತು ಜನ ಇರುವಲ್ಲಿ ಉತ್ತರ ಬೇಗ ಸಿಗುತ್ತದೆ. ಯಾರೂ ಇಲ್ಲದಲ್ಲಿ ಸಿಗುವುದಿಲ್ಲ.

ಹನುಮಂತನಗರದಲ್ಲಿ ಒಂದು ಫಲ, ಹೆದ್ದಾರಿಯಲ್ಲಿ ಇನ್ನೊಂದು

ಈ ತತ್ವವನ್ನು ಒಂದು ಬಡಾವಣೆಗೆ ಅನ್ವಯಿಸಿ ನೋಡಬಹುದು. ಹನುಮಂತನಗರದ 50 ಅಡಿ ರಸ್ತೆಯಲ್ಲಿ ದಿನಸಿ, ಬಟ್ಟೆ, ವಿದ್ಯುತ್ ಸಾಮಗ್ರಿ, ಔಷಧಿ ಅಂಗಡಿಗಳು ಸಾಲಾಗಿವೆ. ರಾಮಾಂಜನೇಯ ಗುಡ್ಡಕ್ಕೂ ಕುಮಾರಸ್ವಾಮಿ ದೇವಸ್ಥಾನಕ್ಕೂ ಭಕ್ತರು ಬರುತ್ತಾರೆ, ಕೆ.ಎಚ್. ಕಲಾಸೌಧಕ್ಕೆ ನಾಟಕ ನೋಡುವವರು ಬರುತ್ತಾರೆ. ಇಂತಹ ಬೀದಿಯಲ್ಲಿ ಬಿದ್ದ ಕೈಗೊಂಚಲಿನ ಬಳಿ ಹಗಲು ಹೊತ್ತಿನಲ್ಲಿ ಫೋನುಗಳು ಹಾಯುತ್ತಲೇ ಇರುತ್ತವೆ. ಆದ್ದರಿಂದ ಅದರ ನೆಲೆ ಬೇಗ ತಿಳಿಯುವ ಸಂಭವ ಹೆಚ್ಚು. ಗಾಂಧಿ ಬಜಾರ್, ಚಾಮರಾಜಪೇಟೆ, ಚಿಕ್ಕಪೇಟೆ, ಮಲ್ಲೇಶ್ವರದ ವಿಷಯವೂ ಇದೇ.

ಅದೇ ಬಿಲ್ಲೆ ತುಮಕೂರು ಹೆದ್ದಾರಿಯ ಪಕ್ಕದ ಒಂಟಿ ಗೋದಾಮಿನಲ್ಲಿ ಭಾನುವಾರ ಇದ್ದರೆ ನಕ್ಷೆಯಲ್ಲಿ ಕಾಣುವುದು ಶನಿವಾರದ ನೆಲೆಯೇ. ಬಿಲ್ಲೆ ಕೆಟ್ಟಿದೆಯೆಂದು ತಿಳಿಯಬೇಕಾಗಿಲ್ಲ. ಅದನ್ನು ನೋಡುವವರು ಯಾರೂ ಅತ್ತ ಸುಳಿದಿಲ್ಲ ಎಂದರ್ಥ. ಕಬ್ಬಿಣದ ಬೀರು, ತಗಡಿನ ಪೆಟ್ಟಿಗೆ, ನೆಲಮಾಳಿಗೆ ಇವುಗಳಲ್ಲಿಯೂ ಸಂಕೇತ ಕುಗ್ಗುತ್ತದೆ. ಬಿಲ್ಲೆಯನ್ನು ಲೋಹದ ಪೆಟ್ಟಿಗೆಯ ಒಳಗಿಡುವುದಕ್ಕಿಂತ ಹೊರಗಿನ ಹಿಡಿಕೆಗೆ ಕಟ್ಟುವುದು ಲೇಸು.

ನಕ್ಷೆಯ ಚುಕ್ಕೆಯೂ ಬಿಲ್ಲೆಯ ನಿಖರ ಸ್ಥಾನವಲ್ಲ; ಅದನ್ನು ಗ್ರಹಿಸಿದ ಫೋನು ಇದ್ದ ಸ್ಥಾನ. ಮಹಡಿಗಳ ಕಟ್ಟಡದಲ್ಲಿ ಯಾವ ಮಹಡಿ, ಯಾವ ಬಾಗಿಲು ಎಂಬುದನ್ನು ಅದು ಹೇಳಲಾರದು. ಚುಕ್ಕೆ ಪಕ್ಕದ ಅಂಗಡಿಯ ಮೇಲೆ ಬಿದ್ದಿತೆಂಬ ಒಂದೇ ಕಾರಣಕ್ಕೆ ಆ ಅಂಗಡಿಯವರನ್ನು ಸಂಶಯಿಸುವುದು ಅನ್ಯಾಯ.

ಯಾವ ಜಾಲದ ಬಿಲ್ಲೆ?

ಬಿಲ್ಲೆ ಕೊಳ್ಳುವಾಗ ಬ್ರ್ಯಾಂಡಿಗಿಂತ ಜಾಲ ಮುಖ್ಯ. ಏರ್‌ಟ್ಯಾಗ್ ಹಾಗೂ ಆಪಲ್‌ನ ಫೈಂಡ್ ಮೈ ಜಾಲಕ್ಕೆ ಸೇರಿದ ಇತರ ಬಿಲ್ಲೆಗಳನ್ನು ಹುಡುಕಿಕೊಡುವುದು ಆಪಲ್ ಸಾಧನಗಳು. ಇವುಗಳ ಮಾಲೀಕನ ಬಳಿಯೂ ಐಫೋನ್ ಅಥವಾ ಐಪ್ಯಾಡ್ ಇರಬೇಕು. ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಟ್ಯಾಗ್ ಆ ಸಂಸ್ಥೆಯ ಗ್ಯಾಲಕ್ಸಿ ಫೋನುಗಳನ್ನು ಅವಲಂಬಿಸಿದೆ. ಗೂಗಲ್ 2024ರ ಏಪ್ರಿಲ್‌ನಲ್ಲಿ ಆರಂಭಿಸಿ 2025ರಲ್ಲಿ ಫೈಂಡ್ ಹಬ್ ಎಂದು ಮರುನಾಮಕರಣ ಮಾಡಿದ ಜಾಲವು ಆಂಡ್ರಾಯ್ಡ್ ಫೋನುಗಳದ್ದು.

ನಮ್ಮ ದೇಶದಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಹಾಗಾದರೆ ಆಂಡ್ರಾಯ್ಡ್ ಜಾಲವೇ ಉತ್ತಮವೆಂದು ತೋರಬಹುದು. ಇಲ್ಲೊಂದು ಸೂಕ್ಷ್ಮವಿದೆ. ಖಾಸಗಿತನದ ರಕ್ಷಣೆಗಾಗಿ ಗೂಗಲ್ ತನ್ನ ಜಾಲವನ್ನು ಜನನಿಬಿಡ ಪ್ರದೇಶಗಳಿಗೆ ಸೀಮಿತವಾದ ಆಯ್ಕೆಯಲ್ಲಿ ಇರಿಸಿ ಕೊಡುತ್ತದೆ. ಈ ಆಯ್ಕೆಯಲ್ಲಿ ಹಲವು ಫೋನುಗಳು ಒಂದೇ ಬಿಲ್ಲೆಯನ್ನು ಗ್ರಹಿಸಿದ ಮೇಲಷ್ಟೇ ಅದರ ನೆಲೆ ಮಾಲೀಕನಿಗೆ ತಿಳಿಯುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ಎಲ್ಲ ಪ್ರದೇಶಗಳು ಎಂಬ ಆಯ್ಕೆಗೆ ಬದಲಿಸಿದವರ ಫೋನುಗಳು ಒಂಟಿಯಾಗಿಯೇ ನೆರವಾಗಬಲ್ಲವು. ಒಂದು ಬೀದಿಯ ವರ್ತಕರು ಪರಸ್ಪರ ಮಾತಾಡಿಕೊಂಡು, ಒಪ್ಪಿಗೆಯಿದ್ದವರು ಈ ಬದಲಾವಣೆ ಮಾಡಿಕೊಂಡರೆ ಆ ಬೀದಿಯಲ್ಲಿ ಕಳೆದ ಯಾರ ವಸ್ತುವಾದರೂ ಸಿಗುವ ಸಂಭವ ಹೆಚ್ಚುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಕೆಲವು ನೂರು ರೂಪಾಯಿಗಳಿಗೆ ಸಿಗುವ ಕೆಲವು ಬಿಲ್ಲೆಗಳು ಯಾವ ದೊಡ್ಡ ಜಾಲಕ್ಕೂ ಸೇರಿರುವುದಿಲ್ಲ. ಕೋಣೆಯೊಳಗೆ ಕನ್ನಡಕ, ಕೀಲಿ ಹುಡುಕಲು ಇವು ಸಾಕು. ಮನೆಯಿಂದಾಚೆ ಇವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಉಪಯೋಗದ ಸಂದರ್ಭಗಳು

ಬೀಗದ ಕೈ: ಅತಿ ಹೆಚ್ಚು ಪ್ರಯೋಜನ ದೊರೆಯುವುದು ಇಲ್ಲಿಯೇ. ಆದರೆ ಮಳಿಗೆಯ ಕೈಗೊಂಚಲನ್ನು ಒಂದು ದಿನ ಮಾಲೀಕ, ಇನ್ನೊಂದು ದಿನ ತಮ್ಮ, ಮತ್ತೊಂದು ದಿನ ಗುಮಾಸ್ತ ಒಯ್ಯುವುದುಂಟು. ಆಗ ತಮ್ಮನ ಅಥವಾ ಗುಮಾಸ್ತನ ಫೋನಿನಲ್ಲಿ ಅಪರಿಚಿತ ಬಿಲ್ಲೆ ಜೊತೆಯಲ್ಲಿ ಬರುತ್ತಿದೆ ಎಂಬ ಎಚ್ಚರಿಕೆ ಮೂಡಬಹುದು. 2023ರಿಂದ ಏರ್‌ಟ್ಯಾಗನ್ನು ಇತರ ಐವರೊಂದಿಗೆ ಹಂಚಿಕೊಳ್ಳುವ ಸೌಲಭ್ಯವಿದೆ. ಮೊದಲೇ ಹಂಚಿಕೊಂಡರೆ ಗೊಂದಲವಿರುವುದಿಲ್ಲ.

ಉಪಕರಣಗಳ ಚೀಲ: ವಿದ್ಯುತ್ ಕೆಲಸ, ಕೊಳಾಯಿ ಕೆಲಸ, ಮರಗೆಲಸದ ಗುತ್ತಿಗೆದಾರರು ಒಂದೇ ದಿನ ನಾಲ್ಕು ಕಡೆ ಕೆಲಸ ನಡೆಸುವಾಗ ಬೆಲೆಬಾಳುವ ಯಂತ್ರ ಯಾವ ಕಟ್ಟಡದಲ್ಲಿ ಉಳಿಯಿತೆಂಬುದನ್ನು ಹತ್ತು ಕರೆ ಮಾಡದೆ ತಿಳಿಯಬಹುದು.

ಬಾಡಿಗೆ ಸಾಮಾನು: ಶಾಮಿಯಾನ, ಧ್ವನಿವರ್ಧಕ, ಪಾತ್ರೆಗಳನ್ನು ಬಾಡಿಗೆಗೆ ಕೊಡುವವರು ಪ್ರತಿ ವಸ್ತುವಿಗಲ್ಲ, ಪ್ರತಿ ಗೋಣಿ ಅಥವಾ ಪೆಟ್ಟಿಗೆಗೆ ಒಂದರಂತೆ ಕಟ್ಟಿದರೆ ಸಾಕು. ಏರ್‌ಟ್ಯಾಗ್ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಗೆ ಮಾತ್ರ ಹೇಳಿಮಾಡಿಸಿದ್ದು. ಒಲೆಯ ಮೇಲೇರುವ ಪಾತ್ರೆಗೆ ಇದು ಸಲ್ಲದು. ನಾಟಕ ತಂಡಗಳ ವೇಷಭೂಷಣದ ಪೆಟ್ಟಿಗೆಗೂ ಈ ಕ್ರಮ ಒಪ್ಪುತ್ತದೆ.

ಪ್ರಯಾಣದ ಸಾಮಾನು: ಮಾದರಿಗಳನ್ನು ಹೊತ್ತು ವಸ್ತುಪ್ರದರ್ಶನಗಳಿಗೆ ವಿಮಾನದಲ್ಲಿ ಹೋಗುವ ಉದ್ಯಮಿಗಳಿಗೆ ಇದು ಉಪಯುಕ್ತ. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲುಫ್ತಾನ್ಸ ಸಂಸ್ಥೆ ಚಾಲೂ ಇರುವ ಬಿಲ್ಲೆಗಳು ಸಾಮಾನಿನಲ್ಲಿ ಇರಬಾರದೆಂದು ಹೇಳಿ, ಕೆಲವೇ ದಿನಗಳಲ್ಲಿ ಆ ನಿಲುವನ್ನು ಹಿಂತೆಗೆದುಕೊಂಡಿತು. ಬಿಲ್ಲೆಯ ಕೋಶದಲ್ಲಿರುವ ಲಿಥಿಯಂ ವಿಮಾನಯಾನದ ಮಿತಿಯೊಳಗೇ ಇದೆ. 2025ರಲ್ಲಿ ಏರ್ ಇಂಡಿಯಾ ಸಂಸ್ಥೆಯು ತಡವಾದ ಸಾಮಾನನ್ನು ಹುಡುಕಲು ಪ್ರಯಾಣಿಕರ ಏರ್‌ಟ್ಯಾಗ್ ಮಾಹಿತಿಯನ್ನು ಬಳಸುವ ವ್ಯವಸ್ಥೆಯನ್ನು ತನ್ನ ಆ್ಯಪ್‌ನಲ್ಲಿ ಸೇರಿಸಿತು.

ಪಾರ್ಸೆಲ್: ಇಲ್ಲಿ ವಿವೇಚನೆ ಅಗತ್ಯ. ಸ್ವಂತ ಮಳಿಗೆಯಿಂದ ಸ್ವಂತ ಶಾಖೆಗೆ ಕಲಾಸಿಪಾಳ್ಯದ ಲಾರಿಯಲ್ಲೋ, ಕೆಎಸ್‌ಆರ್‌ಟಿಸಿ 2021ರಲ್ಲಿ ಆರಂಭಿಸಿದ ನಮ್ಮ ಕಾರ್ಗೋ ಸೇವೆಯಲ್ಲೋ ಹೋಗುವ ಪೆಟ್ಟಿಗೆಗೆ ಬಿಲ್ಲೆ ಇಡಬಹುದು. ಅದು ಬಸ್ ನಿಲ್ದಾಣಗಳಲ್ಲಿ ಕಾಣಿಸಿಕೊಂಡು, ನಡುವಿನ ಕಾಡುದಾರಿಯಲ್ಲಿ ಮರೆಯಾಗುತ್ತದೆ. ಗ್ರಾಹಕರಿಗೆ ಹೋಗುವ ಪಾರ್ಸೆಲ್ಲಿನಲ್ಲಿ ಮಾತ್ರ ಇಡಬಾರದು. ಬಿಲ್ಲೆ ಮರಳಿ ಬರುವುದಿಲ್ಲವೆಂಬುದು ಸಣ್ಣ ಕಾರಣ. ಗ್ರಾಹಕರ ಮನೆಯ ನೆಲೆಯನ್ನು ಅವರಿಗೆ ತಿಳಿಯದಂತೆ ಗಮನಿಸಿದಂತಾಗುತ್ತದೆಂಬುದು ದೊಡ್ಡ ಕಾರಣ.

ಲಾಭನಷ್ಟದ ಲೆಕ್ಕ

ರೂ. 1,500ರ ಬಿಲ್ಲೆ ಮೂರು ವರ್ಷ ಬಾಳುತ್ತದೆಂದು ಎಣಿಸಿದರೆ ವರ್ಷಕ್ಕೆ ರೂ. 500. ವರ್ಷಕ್ಕೊಮ್ಮೆ ಬದಲಿಸುವ ಸಿಆರ್ 2032 ಕೋಶಕ್ಕೆ ರೂ. 100 ಎಂದಿಟ್ಟುಕೊಂಡರೆ ಒಟ್ಟು ರೂ. 600. ಒಂದು ವಸ್ತು ಐದು ವರ್ಷಕ್ಕೊಮ್ಮೆ ಕಳೆಯುವಂತಹದು, ಬಿಲ್ಲೆಯಿಂದ ಅದು ಸಿಗುವ ಸಂಭವ ಅರ್ಧಕ್ಕರ್ಧ ಎಂದು ಭಾವಿಸೋಣ. ಐದು ವರ್ಷಗಳ ಖರ್ಚು ರೂ. 3,000, ಅರ್ಧದಷ್ಟು ಸಂಭವದಲ್ಲಿ ಅದು ಸರಿದೂಗಬೇಕಾದರೆ ವಸ್ತು ಕಳೆದಾಗಿನ ನಷ್ಟ ಕನಿಷ್ಠ ರೂ. 6,000 ಇರಬೇಕು.

ಇಲ್ಲಿ ನಷ್ಟವೆಂದರೆ ವಸ್ತುವಿನ ಬೆಲೆ ಮಾತ್ರವಲ್ಲ. ರೂ. 200ರ ಕೈಗೊಂಚಲು ಕಳೆದರೆ ಬೀಗಗಳನ್ನು ಬದಲಿಸಬೇಕು, ವಹಿವಾಟು ನಿಲ್ಲುತ್ತದೆ. ಆದ್ದರಿಂದ ಅದಕ್ಕೆ ಬಿಲ್ಲೆ ಲಾಭದಾಯಕ. ರೂ. 800ರ ಕೊಡೆಗೆ ಅಲ್ಲ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿಕೊಂಡರೆ ಬಹುತೇಕ ಸಣ್ಣ ಮಳಿಗೆಗಳಿಗೆ ಎರಡು ಮೂರು ಬಿಲ್ಲೆಗಳಿಗಿಂತ ಹೆಚ್ಚು ಬೇಕಾಗುವುದಿಲ್ಲ.

ಕಳ್ಳತನ ಮತ್ತು ಖಾಸಗಿತನ

ಬಿಲ್ಲೆ ಮರೆತ ವಸ್ತುವಿಗೆ ಮದ್ದು, ಕದ್ದ ವಸ್ತುವಿಗೆ ಅರೆಮದ್ದು. ಕಾರಣವಿಷ್ಟೆ: ಬೇರೆಯವರ ಚೀಲದಲ್ಲಿ ಗುಟ್ಟಾಗಿ ಬಿಲ್ಲೆ ಹಾಕಿ ಅವರನ್ನು ಹಿಂಬಾಲಿಸುವ ದುರುಪಯೋಗಗಳು ಬೆಳಕಿಗೆ ಬಂದ ಮೇಲೆ ತಯಾರಕರು ಎಚ್ಚರಿಕೆಯ ಏರ್ಪಾಡುಗಳನ್ನು ಮಾಡಿದರು. ಮಾಲೀಕನಿಂದ ದೂರವಾದ ಏರ್‌ಟ್ಯಾಗ್ ಮೊದಲು ಮೂರು ದಿನಗಳ ಬಳಿಕ ಸದ್ದು ಮಾಡುತ್ತಿತ್ತು. 2021ರ ಜೂನ್‌ನಲ್ಲಿ ಇದನ್ನು 8ರಿಂದ 24 ಗಂಟೆಗಳ ನಡುವಿನ ಅವಧಿಗೆ ಇಳಿಸಲಾಯಿತು. 2024ರ ಮೇ ತಿಂಗಳಿನಿಂದ ಆಪಲ್ ಮತ್ತು ಗೂಗಲ್ ಜಂಟಿ ಮಾನದಂಡದಂತೆ ಎರಡೂ ಬಗೆಯ ಫೋನುಗಳು ಅಪರಿಚಿತ ಬಿಲ್ಲೆಯ ಬಗ್ಗೆ ಎಚ್ಚರಿಸುತ್ತವೆ. ಈ ಎಚ್ಚರಿಕೆ ಅಮಾಯಕರನ್ನು ಕಾಯುತ್ತದೆ. ಕಳ್ಳನಿಗೂ ಸುಳಿವು ಕೊಡುತ್ತದೆ. ಆದ್ದರಿಂದ ಕದ್ದ ವಸ್ತುವಿನ ನೆಲೆ ಕಂಡಾಗ ತಡಮಾಡದೆ ಪೊಲೀಸ್ ಠಾಣೆಗೆ ತಿಳಿಸಬೇಕೇ ಹೊರತು ನಕ್ಷೆ ಹಿಡಿದು ತಾವೇ ಬೆನ್ನಟ್ಟಬಾರದು.

ನೌಕರರ ವಿಷಯ ಇನ್ನೂ ನಾಜೂಕು. ಸರಬರಾಜು ಹುಡುಗನ ಕೈಯಲ್ಲಿರುವ ಅಂಗಡಿಯ ಚೀಲಕ್ಕೆ ಬಿಲ್ಲೆ ಕಟ್ಟುವುದು ಒಂದು, ಅವನಿಗೆ ಹೇಳದೆ ಅವನ ಸ್ವಂತ ವಾಹನದಲ್ಲಿ ಅಡಗಿಸುವುದು ಮತ್ತೊಂದು. ಮೊದಲನೆಯದು ವಸ್ತುವಿನ ರಕ್ಷಣೆ, ಎರಡನೆಯದು ಮನುಷ್ಯನ ಮೇಲಿನ ಬೇಹುಗಾರಿಕೆ. ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಮುಂದುವರಿಕೆಯಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮಹಿಳೆಯನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಅಪರಾಧ. ಕಾನೂನಿನ ಮಾತು ಹಾಗಿರಲಿ. ಐದಾರು ಜನ ದುಡಿಯುವ ಮಳಿಗೆ ನಡೆಯುವುದು ನಂಬಿಕೆಯ ಮೇಲೆ. ಆ ನಂಬಿಕೆ ಕಳೆದುಹೋದರೆ ಅದನ್ನು ಹುಡುಕಿಕೊಡುವ ಬಿಲ್ಲೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಗಮನಿಸಬೇಕಾದ ಅಂಶಗಳು

1. ಬಿಲ್ಲೆಯು ತಮ್ಮ ಫೋನಿನ ಜಾಲಕ್ಕೆ ಹೊಂದುತ್ತದೆಯೇ ಎಂಬುದನ್ನು ಪೊಟ್ಟಣದ ಮೇಲಿನ ಬರಹದಿಂದ ಖಚಿತಪಡಿಸಿಕೊಳ್ಳುವುದು.

2. ಕೋಶವನ್ನು ಬದಲಿಸಲು ಸಾಧ್ಯವೇ ಎಂದು ನೋಡುವುದು. ಬದಲಿಸಿದ ದಿನಾಂಕವನ್ನು ಬರೆದಿಡುವುದು.

3. ನಾಣ್ಯಾಕಾರದ ಲಿಥಿಯಂ ಕೋಶವನ್ನು ಮಕ್ಕಳು ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳಕ್ಕೆ ತೀವ್ರ ಗಾಯವಾಗಬಹುದು. ಹೊಸ, ಹಳೆಯ ಕೋಶಗಳೆರಡನ್ನೂ ಮಕ್ಕಳ ಕೈಗೆ ಎಟುಕದಂತೆ ಇಡುವುದು. ನುಂಗಿದ ಸಂಶಯ ಬಂದೊಡನೆ ಆಸ್ಪತ್ರೆಗೆ ಧಾವಿಸುವುದು.

4. ಬಿಲ್ಲೆ ಕಟ್ಟಿರುವ ವಸ್ತುಗಳ ಪಟ್ಟಿಯನ್ನು ನೌಕರರಿಗೆ ತಿಳಿಸುವುದು. ಸಾಧ್ಯವಿದ್ದಲ್ಲಿ ಬರಹದಲ್ಲಿ ಕೊಡುವುದು.

5. ವಸ್ತುವಿನ ಮೇಲೆ ಮಳಿಗೆಯ ದೂರವಾಣಿ ಸಂಖ್ಯೆಯನ್ನೂ ಬರೆಯುವುದು. ಬಿಲ್ಲೆ ನೆಲೆಯನ್ನು ತಿಳಿಸುತ್ತದೆ. ಎತ್ತಿಟ್ಟುಕೊಂಡ ಪ್ರಾಮಾಣಿಕ ವ್ಯಕ್ತಿಗೆ ಬೇಕಾಗುವುದು ವಿಳಾಸ.

6. ಬಿಲ್ಲೆಗಳನ್ನು ಆಮದು ಮಾಡಿ ಮಾರುವವರು ನಿಸ್ತಂತು ಉಪಕರಣಗಳಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆ, ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ಆಮದುದಾರರ ವಿಳಾಸ, ತಯಾರಾದ ದೇಶದ ಹೆಸರು ಇವುಗಳ ಕಡೆ ಗಮನ ಕೊಡುವುದು. ಬಳಸಿದ ಕೋಶಗಳ ವಿಲೇವಾರಿಗೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ.

ಹೊಸ ಸಾಧನವನ್ನು ಕೊಂಡೊಡನೆ ಒಂದು ಪರೀಕ್ಷೆ ಮಾಡುವುದು ಸೂಕ್ತ. ಬಿಲ್ಲೆ ಕಟ್ಟಿದ ಚೀಲವನ್ನು ಪರಿಚಿತರ ಅಂಗಡಿಯಲ್ಲಿ ಅವರಿಗೆ ತಿಳಿಸಿಯೇ ಅರ್ಧ ದಿನ ಇರಿಸಿ, ನಕ್ಷೆ ಎಷ್ಟು ಹೊತ್ತಿಗೆ ಅದನ್ನು ತೋರಿಸುತ್ತದೆಂದು ನೋಡಬೇಕು. ತಮ್ಮ ಬೀದಿಯಲ್ಲಿ, ತಮ್ಮ ಗೋದಾಮಿನಲ್ಲಿ ದೊರೆತ ಫಲಿತಾಂಶವೇ ಜಾಹೀರಾತಿನ ಭರವಸೆಗಿಂತ ನಂಬಲರ್ಹವಾದದ್ದು. ಅದನ್ನು ನೋಡಿಕೊಂಡು ಎರಡನೆಯ ಬಿಲ್ಲೆಯನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಬಹುದು.